ಗದಗ ಜಿಲ್ಲೆಯ ಗುಡ್ಡಗಳಲ್ಲಿ ಬೇಸಿಗೆಯ ಚಾರಣ

ಗದಗ ಜಿಲ್ಲೆಯು ಉತ್ತರ ಕರ್ನಾಟಕದ ಬಯಲುಸೀಮೆಗೆ ಸೇರಿದ ಪ್ರದೇಶ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯ ಬಹುಭಾಗ ಎರೆಮಣ್ಣಿನ ಸಮತಟ್ಟು ನೆಲವಾಗಿದ್ದರೂ ಅದರ ಅಂಚುಗಳಲ್ಲಿ ಚಾರಣಕ್ಕೆ ಯೋಗ್ಯವಾದ ಗುಡ್ಡಗಳಿವೆ. ರೋಣ ತಾಲೂಕಿನ ಬೆಳವಣಕಿಯಂತಹ ಊರುಗಳ ಸುತ್ತ ಜೋಳ, ಕಡಲೆ ಬೆಳೆಯುವ ಹೊಲಗಳೇ ಹರಡಿಕೊಂಡಿವೆ. ಆದರೆ ರೋಣದಿಂದ ಪಶ್ಚಿಮಕ್ಕೆ ಹೋದರೆ ನರಗುಂದದ ಒಂಟಿ ಗುಡ್ಡ, ಪೂರ್ವಕ್ಕೆ ಗಜೇಂದ್ರಗಡದ ಬೆಟ್ಟಸಾಲು, ದಕ್ಷಿಣಕ್ಕೆ ಗದಗ ನಗರವನ್ನು ದಾಟಿದರೆ ಕಪ್ಪತಗುಡ್ಡ ಸಿಗುತ್ತವೆ. ಉತ್ತರದಲ್ಲಿ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಕೆಂಪು ಬಂಡೆಗಳು ಶಿಲಾರೋಹಣಕ್ಕೆ ಹೆಸರಾಗಿವೆ.

ಶಾಲಾ ಕಾಲೇಜುಗಳಿಗೆ ಬಿಡುವಿರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿಯೇ ಈ ಗುಡ್ಡಗಳಿಗೆ ಬರುವವರು ಅನೇಕ. ಆದರೆ ಚಾರಣಕ್ಕೆ ಅತ್ಯಂತ ಕಠಿಣವಾದ ಕಾಲವೂ ಅದೇ. ಮಲೆನಾಡಿನ ಚಾರಣದ ಅನುಭವವನ್ನು ಇಲ್ಲಿಗೆ ಅನ್ವಯಿಸಿಕೊಂಡು ಬರುವವರಿಗೆ ಮೊದಲು ಎದುರಾಗುವುದು ನೀರಿನ ಪ್ರಶ್ನೆ, ಅನಂತರದ್ದು ಬೆಂಕಿಯ ಪ್ರಶ್ನೆ.

ಹವಾಮಾನ ಮತ್ತು ಋತುಮಾನ

ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿ.ಮೀ. ಮಾತ್ರ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಕಾರಣ ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಬಲಗುಂದಿರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಗೇ ರೈತರು ಹೆಚ್ಚು ಕಾಯುತ್ತಾರೆ. ಗುಡ್ಡಗಳ ಹಳ್ಳಗಳು ಮಳೆಗಾಲದಲ್ಲಿ ಹರಿದು ಡಿಸೆಂಬರ್ ಹೊತ್ತಿಗೆ ಬತ್ತತೊಡಗುತ್ತವೆ. ಏಪ್ರಿಲ್‌ನಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಮರಗಳ ಬಹುಪಾಲು ಎಲೆ ಉದುರಿರುವುದರಿಂದ ಕಪ್ಪತಗುಡ್ಡದ ಕಾಡಿನಲ್ಲಿಯೂ ಆ ಹೊತ್ತಿಗೆ ನೆರಳು ವಿರಳ.

ಇದೇ ಅವಧಿಯಲ್ಲಿ ಸಂಜೆಯ ವೇಳೆ ಗುಡುಗು, ಸಿಡಿಲು ಮತ್ತು ಬಿರುಗಾಳಿಯೊಂದಿಗೆ ಬಂದು ಹೋಗುವ ಮಳೆಯೂ ಉಂಟು. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ರೈತರು ನಕ್ಷತ್ರಗಳ ಹೆಸರಿನಿಂದ ಕರೆಯುವ ಈ ಮಳೆಗಳು ಏಪ್ರಿಲ್ ಮಧ್ಯಭಾಗದಿಂದ ಮೇ ಕೊನೆಯ ವಾರದವರೆಗೆ ಬೀಳುತ್ತವೆ. ಬೋಳು ನೆತ್ತಿಯ ಗುಡ್ಡದ ಮೇಲೆ ನಿಂತವನಿಗೆ ಸಿಡಿಲಿನಿಂದ ಮರೆಯಾಗಲು ಜಾಗವಿರುವುದಿಲ್ಲವಾದ್ದರಿಂದ ಸಂಜೆಯ ಚಾರಣ ತಂಪಾಗಿ ಕಂಡರೂ ಬೆಳಗಿನ ಚಾರಣಕ್ಕಿಂತ ಅಪಾಯಕಾರಿ.

ಚಾರಣಕ್ಕೆ ಅತ್ಯುತ್ತಮ ಕಾಲ ಆಗಸ್ಟ್‌ನಿಂದ ಜನವರಿಯವರೆಗೆ ಎನ್ನಬಹುದು. ಬೇಸಿಗೆಯಲ್ಲಿ ನಡೆಯುವವರು ಸೂರ್ಯೋದಯಕ್ಕೆ ಮುನ್ನ ಹೊರಟು ಹತ್ತು ಗಂಟೆಯೊಳಗೆ ಕೆಳಗಿಳಿಯುವುದು ರೂಢಿ.

ನರಗುಂದ ಗುಡ್ಡ

ನರಗುಂದ ಪಟ್ಟಣಕ್ಕೆ ಒತ್ತಿಕೊಂಡಂತೆ ಎದ್ದು ನಿಂತಿರುವ ಈ ಗುಡ್ಡವು ಸುತ್ತಲಿನ ಎರೆಹೊಲಗಳ ನಡುವೆ ಬಹುದೂರದಿಂದಲೇ ಕಾಣುತ್ತದೆ. ನೆತ್ತಿಯಲ್ಲಿ ಕೋಟೆಯ ಅವಶೇಷಗಳಿವೆ. ಕೋಟೆಯ ನಿರ್ಮಾಣವನ್ನು ಶಿವಾಜಿಯ ಕಾಲಕ್ಕೆ ಸೇರಿಸಿ ಹೇಳಲಾಗುತ್ತದೆ. ಮುಂದೆ ಇದು ಭಾವೆ ಮನೆತನದ ಸಂಸ್ಥಾನದ ಕೇಂದ್ರವಾಯಿತು. ಏರುವ ದಾರಿ ಉದ್ದವೇನಲ್ಲ, ಆದರೆ ಕಡಿದು.

ಚಾರಣಿಗರು ಈ ಗುಡ್ಡಕ್ಕೆ ಬರುವುದು ನೋಟಕ್ಕಿಂತ ಹೆಚ್ಚಾಗಿ ಇತಿಹಾಸಕ್ಕಾಗಿ. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ಕೋಟೆಗೆ ಮುತ್ತಿಗೆ ಹಾಕಿ ಅದನ್ನು ವಶಪಡಿಸಿಕೊಂಡು ನರಗುಂದದ ಒಡೆಯ ವೆಂಕಟರಾವ್ ಭಾವೆಯನ್ನು ಸೆರೆಹಿಡಿಯಿತು. ಅದಕ್ಕಿಂತ ಜನಮನದಲ್ಲಿ ಉಳಿದಿರುವುದು 1858ರ ಬೇಸಿಗೆ. ದತ್ತು ಸ್ವೀಕಾರಕ್ಕೆ ಬ್ರಿಟಿಷರು ಒಪ್ಪಿಗೆ ನಿರಾಕರಿಸಿದ್ದರಿಂದ ಕೆರಳಿದ ಬಾಬಾಸಾಹೇಬ ಎಂದು ಪ್ರಸಿದ್ಧನಾದ ಭಾಸ್ಕರರಾವ್ ಭಾವೆ ಬಂಡೆದ್ದನು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ರಾಜಕೀಯ ಪ್ರತಿನಿಧಿ ಮ್ಯಾನ್ಸನ್‌ನನ್ನು ಕೊಲ್ಲಲಾಯಿತು. ಜೂನ್ ಮೊದಲ ದಿನಗಳಲ್ಲಿ ಬ್ರಿಟಿಷ್ ಸೇನೆ ನರಗುಂದವನ್ನು ವಶಪಡಿಸಿಕೊಂಡಿತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇದೇ ದಿನಗಳಲ್ಲಿ, ಕಪ್ಪತಗುಡ್ಡದ ದಕ್ಷಿಣದ ಊರಾದ ಮುಂಡರಗಿಯ ಭೀಮರಾಯನು ಬಂಡಾಯವೆದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಹೀಗಾಗಿ ಜಿಲ್ಲೆಯ ಎರಡು ತುದಿಯ ಗುಡ್ಡಗಳೂ ಒಂದೇ ಬೇಸಿಗೆಯ ನೆನಪನ್ನು ಹೊತ್ತಿವೆ.

ಗಜೇಂದ್ರಗಡ

ಹಿಂದೆ ರೋಣ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಗಜೇಂದ್ರಗಡವು ಮರಳುಗಲ್ಲಿನ ಬೆಟ್ಟಸಾಲಿನ ಬುಡದಲ್ಲಿದೆ. ಬೆಟ್ಟದ ಆಕಾರ ಆನೆಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಸ್ಥಳೀಯರು ಹೇಳುತ್ತಾರೆ. ಬೆಟ್ಟದ ಮೇಲ್ಭಾಗ ಮೇಜಿನಂತೆ ಸಪಾಟಾಗಿದ್ದು ಅಂಚುಗಳು ಗೋಡೆಯಂತೆ ನೇರವಾಗಿ ಇಳಿಯುತ್ತವೆ. ಈ ರಚನೆಯೇ ಕೋಟೆ ಕಟ್ಟಿದವರಿಗೆ ಅನುಕೂಲವಾದದ್ದು. ಘೋರ್ಪಡೆ ಮನೆತನದ ಆಳ್ವಿಕೆಯ ಕೋಟೆ ಈಗ ಬಹುಮಟ್ಟಿಗೆ ಶಿಥಿಲವಾಗಿದ್ದರೂ ದ್ವಾರ, ಗೋಡೆ ಮತ್ತು ಮಳೆನೀರು ಹಿಡಿದಿಡಲು ಮಾಡಿದ ಹೊಂಡಗಳನ್ನು ಕಾಣಬಹುದು. 1787ರಲ್ಲಿ ಮರಾಠರು ಮತ್ತು ಟಿಪ್ಪು ಸುಲ್ತಾನನ ನಡುವಣ ಯುದ್ಧವನ್ನು ಕೊನೆಗಾಣಿಸಿದ ಒಪ್ಪಂದವು ಗಜೇಂದ್ರಗಡದ ಒಪ್ಪಂದವೆಂದೇ ಹೆಸರಾಗಿದೆ.

ಕೋಟೆಯ ದಾರಿಯಲ್ಲಿ ಮೆಟ್ಟಿಲುಗಳಿರುವುದರಿಂದ ಚಾರಣಕ್ಕೆ ಹೊಸಬರಾದವರೂ ಏರಬಲ್ಲರು. ಮೇಲಿನ ಬಯಲಿನಲ್ಲಿ ನಡೆಯುವಾಗ ಮಾತ್ರ ಅಂಚಿನ ಬಗ್ಗೆ ಎಚ್ಚರ ಬೇಕು. ಒಣಹುಲ್ಲು ಮುಚ್ಚಿದ ಸಡಿಲ ಕಲ್ಲುಗಳು ಕಾಲಿಗೆ ಸಿಕ್ಕು ಜಾರುತ್ತವೆ. ಸುತ್ತಲಿನ ದಿಬ್ಬಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಈ ಭಾಗದ ಗಾಳಿಯ ಬಲವನ್ನು ತಿಳಿಸುತ್ತವೆ.

ಪಟ್ಟಣಕ್ಕೆ ಹತ್ತಿರದಲ್ಲೇ ಬೆಟ್ಟದ ಮಡಿಲಲ್ಲಿರುವ ಕಾಲಕಾಲೇಶ್ವರ ದೇವಾಲಯವು ಬೇಸಿಗೆಯ ಚಾರಣಿಗರಿಗೆ ಈ ಪ್ರದೇಶದ ಮುಖ್ಯ ತಾಣ. ಬಂಡೆಯ ಅಡಿಯಲ್ಲಿ ಕಟ್ಟಿದ ಈ ಗುಡಿಗೆ ದೊಡ್ಡ ಮೆಟ್ಟಿಲುಗಳನ್ನು ಏರಿ ಹೋಗಬೇಕು. ಇದನ್ನು ದಕ್ಷಿಣ ಕಾಶಿ ಎಂದೂ ಕರೆಯುತ್ತಾರೆ. ಇಲ್ಲಿನ ಅಂತರಗಂಗೆ ಎಂಬ ಹೊಂಡಕ್ಕೆ ಮರದ ಬೇರುಗಳ ಸಂದಿನಿಂದ ವರ್ಷವಿಡೀ ನೀರು ಜಿನುಗುತ್ತದೆ, ಕಡುಬೇಸಿಗೆಯಲ್ಲಿಯೂ ನಿಲ್ಲುವುದಿಲ್ಲ. ಮೇಲಿನ ಸಪಾಟಿನಲ್ಲಿ ಬಿದ್ದ ಮಳೆನೀರು ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದು, ಕೆಳಗೆ ನೀರು ಇಂಗದ ಪದರ ಎದುರಾದೆಡೆ ಅಡ್ಡಕ್ಕೆ ಸರಿದು ಹೊರಬೀಳುವುದು ಮರಳುಗಲ್ಲಿನ ಬೆಟ್ಟಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕ್ರಿಯೆ. ಒಣಸೀಮೆಯ ಬೆಟ್ಟಗಳಲ್ಲಿ ಗುಡಿ, ಮಠ, ಕೋಟೆಗಳು ಎಲ್ಲಿವೆಯೆಂದು ನೋಡಿದರೆ ನೀರು ಎಲ್ಲಿದೆಯೆಂಬುದು ಬಹುಪಾಲು ಗೊತ್ತಾಗುತ್ತದೆ.

ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣದ ನೀರು ಮತ್ತು ಕುಂಚವನ್ನು ಇಟ್ಟುಬಂದರೆ ಬೆಳಗಾಗುವಷ್ಟರಲ್ಲಿ ದೇವರೇ ಸುಣ್ಣ ಬಳಿದುಕೊಂಡಿರುತ್ತಾನೆ ಎಂಬ ನಂಬಿಕೆ ಇಲ್ಲಿದೆ. ಚೈತ್ರದ ದವನದ ಹುಣ್ಣಿಮೆಯ ಹೊತ್ತಿಗೆ ಜಾತ್ರೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ರೊಟ್ಟಿಬುತ್ತಿ ಕಟ್ಟಿಕೊಂಡು ನಡೆದೇ ಬರುವ ಜನರನ್ನು ನೋಡಿದರೆ, ಚಾರಣ ಎಂಬ ಪದ ಬಳಕೆಗೆ ಬರುವ ಎಷ್ಟೋ ಮೊದಲೇ ಬೇಸಿಗೆಯಲ್ಲಿ ಗುಡ್ಡ ಏರುವ ಅಭ್ಯಾಸ ಈ ನಾಡಿನಲ್ಲಿ ಇತ್ತೆಂಬುದು ತಿಳಿಯುತ್ತದೆ.

ಕಪ್ಪತಗುಡ್ಡ

ಜಿಲ್ಲೆಯ ಅತಿ ದೊಡ್ಡ ಗುಡ್ಡಸಾಲು ಕಪ್ಪತಗುಡ್ಡ. ಗದಗ ಸಮೀಪದ ಬಿಂಕದಕಟ್ಟಿಯಿಂದ ಆರಂಭವಾಗಿ ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳನ್ನು ಹಾದು ತುಂಗಭದ್ರಾ ನದಿಯ ದಡದ ಸಿಂಗಟಾಲೂರಿನವರೆಗೆ ಇದು ಸುಮಾರು 60 ಕಿ.ಮೀ. ಉದ್ದಕ್ಕೆ ಹಬ್ಬಿದೆ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಒಂದು ಕಪ್ಪತಗಿರಿಯನ್ನು ನೋಡುವುದು ಮೇಲು ಎಂಬ ಅರ್ಥದ ಗಾದೆ ಈ ಭಾಗದಲ್ಲಿ ಪ್ರಚಲಿತ. ಉತ್ತರ ಕರ್ನಾಟಕದ ಸಹ್ಯಾದ್ರಿ ಎಂಬ ಬಿರುದೂ ಇದಕ್ಕಿದೆ. ಮಳೆಗಾಲದ ಹಸಿರನ್ನು ಕಂಡವರಿಗೆ ಅದು ಒಪ್ಪಿಗೆಯಾದೀತು, ಏಪ್ರಿಲ್‌ನಲ್ಲಿ ಬಂದವರಿಗೆ ಅಲ್ಲ.

ಗದಗದಿಂದ ಡಂಬಳದ ಮಾರ್ಗವಾಗಿ ಡೋಣಿ ಗ್ರಾಮಕ್ಕೆ ಬಂದು ಅಲ್ಲಿಂದ ಗುಡ್ಡವನ್ನು ಏರುವುದು ಹೆಚ್ಚು ಬಳಕೆಯಲ್ಲಿರುವ ದಾರಿ. ಡಂಬಳದಲ್ಲಿ ನಕ್ಷತ್ರಾಕಾರದ ತಳವಿನ್ಯಾಸವುಳ್ಳ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪ ದೇವಾಲಯವಿದೆ. ಗುಡ್ಡದಲ್ಲಿ ಕಪ್ಪತಮಲ್ಲೇಶ್ವರ ದೇವಾಲಯ, ನಂದಿವೇರಿ ಮಠ ಮತ್ತು ಗಾಳಿಗುಂಡಿ ಬಸವಣ್ಣನ ಗುಡಿ ಮುಖ್ಯ ತಾಣಗಳು. ಶ್ರಾವಣದಲ್ಲಿ ಭಕ್ತರ ಸಂಖ್ಯೆ ಹೆಚ್ಚು. ನಂದಿವೇರಿ ಮಠವು ಗುಡ್ಡದ ಔಷಧಿ ಸಸ್ಯಗಳ ಬಗ್ಗೆ ಅರಿವು ಮೂಡಿಸುವ ಕೆಲಸದಿಂದಲೂ ಹೆಸರಾಗಿದೆ.

ಭೂವಿಜ್ಞಾನದ ದೃಷ್ಟಿಯಿಂದ ಕಪ್ಪತಗುಡ್ಡವು ಗಜೇಂದ್ರಗಡದ ಮರಳುಗಲ್ಲಿಗಿಂತ ಬಹು ಹಳೆಯದು. ಧಾರವಾಡ ಶಿಲಾವರ್ಗಕ್ಕೆ ಸೇರಿದ ಗದಗ ಪದರಶಿಲಾ ಪಟ್ಟಿಯ ಭಾಗವಾದ ಇದರಲ್ಲಿ ಕಬ್ಬಿಣದ ಅದಿರೂ ಚಿನ್ನದ ಅಂಶವೂ ಇವೆ. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಚಿನ್ನದ ಗಣಿಗಾರಿಕೆ ನಡೆದಿತ್ತು. ಗುಡ್ಡದ ಮಣ್ಣಿಗೆ ಕೆಂಪು ಬಣ್ಣ ಕೊಟ್ಟ ಖನಿಜಗಳೇ ಮುಂದೆ ಅದರ ಉಳಿವಿನ ಪ್ರಶ್ನೆಯನ್ನು ತಂದವು.

ಸಸ್ಯ ಮತ್ತು ಪ್ರಾಣಿಗಳು

ಕುರುಚಲು ಕಾಡು, ಒಣ ಎಲೆಯುದುರುವ ಕಾಡು ಮತ್ತು ಹುಲ್ಲುಗಾವಲು ಇಲ್ಲಿ ಬೆರೆತಿವೆ. ಅಮೃತಬಳ್ಳಿ, ಮಧುನಾಶಿನಿ ಮೊದಲಾದ ಔಷಧಿ ಸಸ್ಯಗಳಿಗಾಗಿ ಗುಡ್ಡವು ನಾಟಿ ವೈದ್ಯರಲ್ಲಿ ಪ್ರಸಿದ್ಧ. ಬೇಸಿಗೆಯ ಕೊನೆಗೆ ಕವಳಿ ಹಣ್ಣು ಮಾಗುತ್ತದೆ. ತೋಳ, ಕತ್ತೆಕಿರುಬ, ಚಿರತೆ, ನರಿ, ಕೊಂಡುಕುರಿ, ಮುಳ್ಳುಹಂದಿ, ಕಾಡುಹಂದಿ ಮತ್ತು ನವಿಲುಗಳು ಇಲ್ಲಿವೆ. ಇವುಗಳಲ್ಲಿ ತೋಳ ಮತ್ತು ಕತ್ತೆಕಿರುಬಗಳಿಗೆ ದಟ್ಟ ಕಾಡಿಗಿಂತ ಇಂತಹ ಬಯಲು ಗುಡ್ಡಗಳೇ ಬೇಕು. ಬೇಸಿಗೆಯಲ್ಲಿ ಉಳಿದಿರುವ ಕೆಲವೇ ನೀರಿನ ತಾಣಗಳನ್ನು ಈ ಪ್ರಾಣಿಗಳೂ ಅವಲಂಬಿಸಿರುತ್ತವೆ. ಚಾರಣಿಗರ ಗುಂಪು ನೀರಿನ ಬಳಿಯೇ ಗಂಟೆಗಟ್ಟಲೆ ಕುಳಿತರೆ ಅವು ಬಾಯಾರಿಯೇ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಊರಿನಿಂದಲೇ ಹೊತ್ತು ತರುವುದು ಸುರಕ್ಷತೆಯ ಕಾರಣಕ್ಕಷ್ಟೇ ಅಲ್ಲದೆ ಈ ಕಾರಣಕ್ಕೂ ಅಗತ್ಯ.

ರಕ್ಷಣೆಯ ಹೋರಾಟ

ಕಪ್ಪತಗುಡ್ಡದಲ್ಲಿ ಇಂದು ಚಾರಣ ಸಾಧ್ಯವಾಗಿರುವುದರ ಹಿಂದೆ ಜನಾಂದೋಲನದ ಇತಿಹಾಸವಿದೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಮುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಭೂಸ್ವಾಧೀನ ಆರಂಭವಾದಾಗ ರೈತರು ವಿರೋಧಿಸಿದರು. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಹೋರಾಟದ ಮುಂಚೂಣಿಯಲ್ಲಿದ್ದರು. ಅದೇ ವರ್ಷ ಸರ್ಕಾರ ಅಲ್ಲಿನ ಭೂಸ್ವಾಧೀನವನ್ನು ಕೈಬಿಟ್ಟಿತು.

2015ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರವು ಗುಡ್ಡದ ಸುಮಾರು 178 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಆ ಅಧಿಸೂಚನೆಯನ್ನು ಹಿಂಪಡೆಯಲಾಯಿತು. ಗಣಿಗಾರಿಕೆಗೆ ದಾರಿ ಮಾಡಿಕೊಡಲು ಹೀಗೆ ಮಾಡಲಾಗಿದೆ ಎಂಬುದು ಹೋರಾಟಗಾರರ ಆರೋಪವಾಗಿತ್ತು. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ನಡೆದ ಹಗಲಿರುಳಿನ ಧರಣಿಯಲ್ಲಿ ಮಠಾಧೀಶರು, ರೈತರು, ವಿದ್ಯಾರ್ಥಿಗಳು, ಸಾಹಿತಿಗಳು ಒಟ್ಟಾದರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಅವರೂ ಈ ಹೋರಾಟದಲ್ಲಿದ್ದರು. ಕೆಲವೇ ತಿಂಗಳಲ್ಲಿ ಸರ್ಕಾರ ಮೀಸಲು ಸ್ಥಾನಮಾನವನ್ನು ಮರಳಿ ನೀಡಿತು. ಸ್ವಾಮೀಜಿಯವರು 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶವು ವನ್ಯಜೀವಿಧಾಮವಾಗಿ ಘೋಷಿತವಾದುದನ್ನು ಅವರು ಕಾಣಲಿಲ್ಲ. ಅಂಚಿನ ಪ್ರದೇಶದ ಕಲ್ಲುಗಣಿಗಾರಿಕೆಯ ಪ್ರಶ್ನೆ ಆ ಬಳಿಕವೂ ಚರ್ಚೆಯಲ್ಲಿದೆ.

ವನ್ಯಜೀವಿಧಾಮವಾದುದರಿಂದ ಚಾರಣಿಗರ ಸ್ಥಿತಿಯೂ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಧಾಮದೊಳಗಿನ ಪ್ರವೇಶಕ್ಕೆ ನಿರ್ಬಂಧಗಳಿದ್ದು ಪ್ರವಾಸಕ್ಕಾಗಿ ಬರುವವರು ಅನುಮತಿ ಪಡೆಯಬೇಕಾಗುತ್ತದೆ. ಧಾಮದಲ್ಲಿ ಬೆಂಕಿ ಹಚ್ಚುವುದು ಮತ್ತು ಹಚ್ಚಿದ ಬೆಂಕಿಯನ್ನು ಆರಿಸದೆ ಬಿಟ್ಟುಹೋಗುವುದು ಅಪರಾಧ. ಹಿಂದೆ ಗುಡ್ಡದ ಮೇಲೆ ಒಲೆ ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದ ಹವ್ಯಾಸಿಗಳಿಗೆ ಇದು ಕಟ್ಟುಪಾಡಾಗಿ ಕಂಡರೂ ಮುಂದಿನ ವಿವರ ಓದಿದರೆ ಅದರ ಔಚಿತ್ಯ ತಿಳಿಯುತ್ತದೆ.

ಕಾಡ್ಗಿಚ್ಚು

ಕಪ್ಪತಗುಡ್ಡದ ಬೇಸಿಗೆಯ ದೊಡ್ಡ ಅಪಾಯ ಕಾಡ್ಗಿಚ್ಚು. ಮಳೆಗಾಲದಲ್ಲಿ ಆಳೆತ್ತರ ಬೆಳೆಯುವ ಬಾದೆಹುಲ್ಲು ಜನವರಿಯ ಹೊತ್ತಿಗೆ ಸಂಪೂರ್ಣ ಒಣಗುತ್ತದೆ. ಆ ಬಳಿಕ ಮೊದಲ ಮಳೆ ಬೀಳುವವರೆಗೆ ಬೆಂಕಿಯ ಪ್ರಕರಣಗಳು ವರ್ಷವರ್ಷವೂ ವರದಿಯಾಗುತ್ತವೆ. ಹಳೆಯ ಹುಲ್ಲನ್ನು ಸುಟ್ಟರೆ ದನಕುರಿಗಳಿಗೆ ಹೊಸ ಚಿಗುರು ಬೇಗ ಬರುತ್ತದೆಂಬ ನಂಬಿಕೆ, ಆರಿಸದೆ ಎಸೆದ ಬೀಡಿ, ಕಿಡಿಗೇಡಿತನ ಇವೇ ಸಾಮಾನ್ಯ ಕಾರಣಗಳು. ತಾನಾಗಿ ಹತ್ತುವ ಬೆಂಕಿ ಇಂತಹ ಕಾಡುಗಳಲ್ಲಿ ಅಪರೂಪ. ಬೆಂಕಿಯಲ್ಲಿ ಹುಲ್ಲಿನೊಡನೆ ನೆಲದ ಮೇಲೆ ಗೂಡುಮಾಡುವ ಹಕ್ಕಿಗಳ ಮೊಟ್ಟೆಗಳು, ಹಾವು ಉಡಗಳು, ಮರದ ಸಸಿಗಳು ನಾಶವಾಗುತ್ತವೆ. ಬೇರುಬಿಟ್ಟ ಹುಲ್ಲು ಮತ್ತೆ ಚಿಗುರುತ್ತದೆ, ಸಸಿ ಚಿಗುರುವುದಿಲ್ಲ. ಹೀಗೆ ಪದೇಪದೇ ಸುಟ್ಟ ಇಳಿಜಾರುಗಳಲ್ಲಿ ಮರಗಳು ಮೇಲೇಳುವುದು ಕಷ್ಟ.

ಅರಣ್ಯ ಇಲಾಖೆಯು ಬೇಸಿಗೆಗೆ ಮುನ್ನ ಬೆಂಕಿರೇಖೆಗಳನ್ನು ನಿರ್ಮಿಸುತ್ತದೆ. ಹುಲ್ಲನ್ನು ಪಟ್ಟಿಯಾಗಿ ಕೊಯ್ದು ಅಥವಾ ನಿಯಂತ್ರಿತವಾಗಿ ಸುಟ್ಟು ಬೋಳುಮಾಡಿದ ಈ ಪಟ್ಟಿಯನ್ನು ತಲುಪಿದಾಗ ಬೆಂಕಿಗೆ ಮುಂದೆ ಉರಿಯಲು ಏನೂ ಸಿಗುವುದಿಲ್ಲ. ಆದರೆ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಬಲವಾದ ಗಾಳಿ ಬೀಸುವಾಗ ಕಿಡಿಗಳು ರೇಖೆಯನ್ನು ಹಾರಿಹೋಗುತ್ತವೆ. ನೀರಿನ ಟ್ಯಾಂಕರ್ ಏರಲಾರದ ಕಡಿದಾದ ಜಾಗಗಳಲ್ಲಿ ಸಿಬ್ಬಂದಿ ಹಸಿಸೊಪ್ಪಿನಿಂದ ಬಡಿದೇ ಬೆಂಕಿ ಆರಿಸಬೇಕಾಗುತ್ತದೆ.

ಒಣಹುಲ್ಲಿನ ಬೆಂಕಿ ಏರುದಾರಿಯಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು. ನೆರೆಯ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಕಾಡ್ಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ದಕ್ಷಿಣ ಭಾರತದಲ್ಲಿ ಬೇಸಿಗೆಯ ಚಾರಣಕ್ಕೆ ಅನುಮತಿ ನೀಡುವ ಬಗ್ಗೆ ಬಿಗಿಯಾದ ನಿಲುವು ಬರಲು ಆ ದುರಂತವೂ ಒಂದು ಕಾರಣ. ಬೆಂಕಿ ಕಂಡಾಗ ಇಳಿಜಾರಿನಲ್ಲಿ ಮೇಲಕ್ಕೆ ಓಡದೆ, ಗಾಳಿಯ ದಿಕ್ಕನ್ನು ನೋಡಿ ಪಕ್ಕಕ್ಕೆ ಸರಿದು, ಬೋಳು ಬಂಡೆ ಅಥವಾ ಈಗಾಗಲೇ ಸುಟ್ಟುಹೋದ ನೆಲವನ್ನು ಸೇರುವುದು ಸುರಕ್ಷಿತವೆಂದು ತಿಳಿದವರು ಹೇಳುತ್ತಾರೆ.

ಬಾದಾಮಿಯ ಶಿಲಾರೋಹಣ

ರೋಣಕ್ಕೆ ಉತ್ತರದಲ್ಲಿರುವ ಬಾದಾಮಿ ಚಾಲುಕ್ಯರ ಗುಹಾಲಯಗಳಿಗೆ ಹೆಸರಾದ ಊರು. ಅಲ್ಲಿನ ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಗುಹೆ ಕೊರೆಯಲು ಒದಗಿಬಂದ ಗಟ್ಟಿ ಮರಳುಗಲ್ಲು ಇಂದು ಶಿಲಾರೋಹಿಗಳನ್ನು ದೇಶವಿದೇಶಗಳಿಂದ ಕರೆತರುತ್ತಿದೆ. ಅಡ್ಡಪದರಗಳು ಸವೆದು ಉಂಟಾದ ಬೆರಳ ಹಿಡಿಕೆಗಳು ಮತ್ತು ನೇರ ಗೋಡೆಗಳು ಇದರ ವೈಶಿಷ್ಟ್ಯ. ಬೆಂಗಳೂರಿನಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಯುವಜನರಿಗಾಗಿ ನಡೆಸುವ ತರಬೇತಿಗಳಲ್ಲಿ ಬಾದಾಮಿಯ ಶಿಲಾರೋಹಣವೂ ಸೇರಿದೆ. ಬೇಸಿಗೆಯಲ್ಲಿ ಬಂಡೆ ಕಾಯುವುದರಿಂದ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿಯೇ ಇದಕ್ಕೆ ಸೂಕ್ತ. ಹೆಜ್ಜೇನಿನ ಗೂಡುಗಳಿರುವ ಬಂಡೆಗಳಿಂದ ದೂರವಿರಬೇಕು.

ಹಿಮಾಲಯದತ್ತ

ಬಯಲುಸೀಮೆಯ ಬಿಸಿಲು ಏರುವ ತಿಂಗಳುಗಳಲ್ಲಿಯೇ ಹಿಮಾಲಯದ ಹಾದಿಗಳು ತೆರೆದುಕೊಳ್ಳುವುದರಿಂದ ಕರ್ನಾಟಕದ ಅನೇಕ ಚಾರಣಿಗರು ಬೇಸಿಗೆಯಲ್ಲಿ ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶಗಳಿಗೆ ತೆರಳುತ್ತಾರೆ. ಅಪಾಯದ ಬಗೆ ಮಾತ್ರ ಅಲ್ಲಿ ಬೇರೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿದ್ದ ಕರ್ನಾಟಕದ 22 ಮಂದಿಯ ತಂಡವು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಮೃತಪಟ್ಟರು, ಉಳಿದವರನ್ನು ರಕ್ಷಿಸಲಾಯಿತು.

ಅದೇ ವರ್ಷದ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ವಿಪರೀತ ದಟ್ಟಣೆಯಾದ ಬಳಿಕ ಕರ್ನಾಟಕ ಅರಣ್ಯ ಇಲಾಖೆಯು ಚಾರಣಕ್ಕೆ ಅಂತರ್ಜಾಲದ ಮೂಲಕ ಮುಂಗಡ ಕಾಯ್ದಿರಿಸುವಿಕೆ ಮತ್ತು ದಿನದ ಮಿತಿಯ ವ್ಯವಸ್ಥೆಯತ್ತ ಹೊರಳಿತು. ಕಪ್ಪತಗುಡ್ಡಕ್ಕೆ ಹೋಗುವವರು ಹೊರಡುವ ಮುನ್ನ ಗದಗದ ಅರಣ್ಯ ಕಚೇರಿಯಲ್ಲಿ ಆಯಾ ಕಾಲದ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಒಳಿತು.

ಸಿದ್ಧತೆ

ಬೇಸಿಗೆಯಲ್ಲಿ ಅರ್ಧ ದಿನದ ನಡಿಗೆಗೂ ತಲಾ ಮೂರರಿಂದ ನಾಲ್ಕು ಲೀಟರ್ ನೀರು ಬೇಕಾಗುತ್ತದೆ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆಪಾನಕ ಲೇಸು. ಕಟಕರೊಟ್ಟಿ ಮತ್ತು ಶೇಂಗಾ ಚಟ್ನಿ ಬಿಸಿಲಿಗೆ ಕೆಡುವುದಿಲ್ಲವಾದ್ದರಿಂದ ಈ ಭಾಗದ ಬುತ್ತಿಗೆ ಹೇಳಿ ಮಾಡಿಸಿದಂತಿವೆ. ತಲೆಸುತ್ತು, ವಾಕರಿಕೆ, ಅಸಂಬದ್ಧ ಮಾತು ಕಂಡುಬಂದರೆ ಅದನ್ನು ಉಷ್ಣಾಘಾತದ ಲಕ್ಷಣವೆಂದು ತಿಳಿದು, ವ್ಯಕ್ತಿಯನ್ನು ನೆರಳಿಗೆ ಒಯ್ದು, ಮೈಗೆ ನೀರು ಚಿಮುಕಿಸಿ ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು. ಕಲ್ಲುಗುಡ್ಡೆಗಳಲ್ಲಿ ಉರಿಮಂಡಲ ಮತ್ತು ಕೊಳಕುಮಂಡಲ ಹಾವುಗಳು ಇರುವುದರಿಂದ ಕಣ್ಣಿಗೆ ಕಾಣದ ಸಂದಿನಲ್ಲಿ ಕೈಯಿಟ್ಟು ಏರಬಾರದು. ಒಬ್ಬರೇ ಹೋಗುವ ಬದಲು ಬುಡದ ಹಳ್ಳಿಯ ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಳ್ಳುವುದು ಉತ್ತಮ. ಕುರಿಗಾಹಿಗಳಿಗೆ ತಿಳಿದಿರುವಷ್ಟು ಕಾಲುದಾರಿಗಳು ನಕ್ಷೆಗಳಲ್ಲಿ ಇಲ್ಲ.

ಸಮೀಪದ ಸ್ಥಳಗಳು

ಕಪ್ಪತಗುಡ್ಡದ ಚಾರಣದೊಂದಿಗೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನೂ ನೋಡುವುದುಂಟು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಯಿಂದ ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಹಗಲು ಕೆರೆಯಲ್ಲಿದ್ದು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುವ ಈ ಹಕ್ಕಿಗಳು ಬಿಸಿಲು ಏರುತ್ತಿದ್ದಂತೆ ಮರಳುವುದರಿಂದ ಏಪ್ರಿಲ್‌ನಲ್ಲಿ ಬಂದವರಿಗೆ ಕಾಣಸಿಗುವುದು ಕೆರೆಯ ನೀರು ಮಾತ್ರ, ಮಳೆ ಕೈಕೊಟ್ಟ ವರ್ಷಗಳಲ್ಲಿ ಅದೂ ಕಡಿಮೆ.